ಕೆಂಪು ಬ್ರೌಸರ್ ನಿಧಾನ

ಲ್ಯಾಬಿನ ಬಾಗಿಲ ಪಕ್ಕ ಗೋಡೆಗೆ ಒಂದು ಚೀಟಿ ಅಂಟಿತ್ತು. 'ಕೆಂಪು ಬ್ರೌಸರ್ ನಿಧಾನ. ಸೋಮವಾರದಿಂದ ಹನ್ನೆರಡೂ ಸಿಸ್ಟಂಗಳಿಂದ ತೆಗೆಯಲಾಗುವುದು. ಇನ್ನು ಮುಂದೆ ನೀಲಿ ಮಾತ್ರ. – ಸ್ವರೂಪ್.'

ವನಜಾ ಅದನ್ನು ಎರಡು ಸಲ ಓದಿದಳು. ಚಪ್ಪಲಿ ಬಿಡುವುದಕ್ಕೂ ಮುಂಚೆ ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ಕೆಳಗೆ ಬರೆದಳು: 'ಯಾವ ಸಿಸ್ಟಂ ಮೇಲೆ? ಎಷ್ಟು ಸಲ? ಕರೆಂಟ್ ಇತ್ತಾ?'

ಮದ್ದೂರಿನ ಬಸ್ ನಿಲ್ದಾಣದ ಹಿಂದೆ, ಗೊಬ್ಬರದಂಗಡಿಯ ಮಹಡಿಯಲ್ಲಿ ಲಿಂಗಯ್ಯನವರ ಕಂಪ್ಯೂಟರ್ ತರಬೇತಿ ಕೇಂದ್ರ. ಮನೆಯ ನಕ್ಷೆಯನ್ನು ಬ್ರೌಸರಿನೊಳಗೇ ಗೋಡೆ, ಬಾಗಿಲು, ತಾರಸಿ ಸಮೇತ ಎಬ್ಬಿಸಿ ನಿಲ್ಲಿಸುವುದನ್ನು ವನಜಾ ಅಲ್ಲಿ ಎರಡು ವರ್ಷದಿಂದ ಕಲಿಸುತ್ತಿದ್ದಳು. ದಿನಾ ಬೆಳಕವಾಡಿಯಿಂದ ಮಳವಳ್ಳಿಗೊಂದು ಬಸ್ಸು, ಅಲ್ಲಿಂದ ಮದ್ದೂರಿಗೆ ಇನ್ನೊಂದು. ಸ್ವರೂಪ್ ಆತಗೂರಿನವನು. ಸಿಸ್ಟಂಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತು. ಬ್ರೌಸರುಗಳಿಗೆ ಗುರುತಿನ ಬಣ್ಣ ನೋಡಿ, ಎತ್ತುಗಳಿಗೆ ಇಡುವ ಹಾಗೆ ಹೆಸರಿಟ್ಟವರು ವಿದ್ಯಾರ್ಥಿಗಳು. ವನಜಾಳ ಪಾಠವೆಲ್ಲ ನಡೆಯುತ್ತಿದ್ದುದು ಕೆಂಪಿನಲ್ಲಿ.

"ಇದನ್ನ ಬರ್ದಿದ್ದು ಯಾರು?" ಸ್ವರೂಪ್ ಚೀಟಿ ಕಿತ್ತುಕೊಂಡೇ ಒಳಗೆ ಬಂದ.

"ಕೆಳಗಿಂದು ನಾನು. ಮೇಲಿಂದು ಯಾರೋ ಧೈರ್ಯವಂತರು ಬರೆದವ್ರೆ."

"ಟೆಸ್ಟ್ ಮಾಡೇ ಬರ್ದಿದ್ದು ಕಣ್ರೀ. ಆನ್‌ಲೈನ್‌ನಲ್ಲಿ ಮೀನಿನ ಟೆಸ್ಟ್ ಐತಲ್ಲ, ಅದು."

ಆ ಟೆಸ್ಟ್ ವನಜಾಳಿಗೆ ಗೊತ್ತಿತ್ತು. ಪರದೆಯ ಮೇಲೆ ಒಂದು ಗಾಜಿನ ತೊಟ್ಟಿ, ಅದರೊಳಗೆ ಮೀನು. ನಾವು ಮೀನು ಹೆಚ್ಚಿಸಿದಂತೆಲ್ಲ ಚಿತ್ರ ಬಿಡಿಸುವ ಹೊರೆ ಹೆಚ್ಚುತ್ತದೆ. ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಲು ಸಾಧ್ಯವಾಯಿತು ಎಂಬ ಸಂಖ್ಯೆ ಮೂಲೆಯಲ್ಲಿ ಕಾಣುತ್ತದೆ. ಸಂಖ್ಯೆ ಹೆಚ್ಚಿದ್ದರೆ ಬ್ರೌಸರ್ ಚುರುಕು.

"ಎರಡಕ್ಕೂ ಸಾವಿರ ಸಾವಿರ ಮೀನು ಬಿಟ್ಟೆ. ನೀಲಿ ಐವತ್ತೆಂಟು, ಕೆಂಪು ಇಪ್ಪತ್ಮೂರು. ಇನ್ನೇನು ಬೇಕು?"

"ಎಷ್ಟು ಗಂಟೆಗೆ ಬಿಟ್ರಿ?"

"ಮೀನಿಗೂ ಗಂಟೆಗೂ ಏನ್ರೀ ಸಂಬಂಧ?"

"ಹೇಳಿ."

ಅವನು ಪುಸ್ತಕ ತಿರುವಿದ. ಬರೆದಿಟ್ಟುಕೊಂಡಿದ್ದಾನಲ್ಲ ಎಂದು ವನಜಾಳಿಗೆ ಒಳಗೊಳಗೇ ಅಚ್ಚರಿ. "ಶುಕ್ರವಾರ. ನೀಲಿ ಹತ್ತೂವರೆ, ಕೆಂಪು ಹನ್ನೊಂದೂಕಾಲು. ನನ್ನ ಲ್ಯಾಪ್‌ಟಾಪ್ ಮೇಲೆ."

"ಶುಕ್ರವಾರ ಹನ್ನೊಂದರಿಂದ ಹನ್ನೆರಡರ ತನಕ ಕರೆಂಟ್ ಇರ್ಲಿಲ್ಲ. ನಾನು ಸೀಮೆಸುಣ್ಣ ಹಿಡ್ಕಂಡು ಬೋರ್ಡ್ ಮೇಲೆ ಮನೆ ಕಟ್ತಿದ್ದೆ. ನಿಮ್ಮ ಲ್ಯಾಪ್‌ಟಾಪ್ ಬ್ಯಾಟರಿ ಮೇಲಿತ್ತು. ಚಾರ್ಜ್ ಉಳಿಸೋಕೆ ಅದು ತಾನೇ ಕೈಕಾಲು ಮಡಿಸ್ಕಂಡು ಕೂತ್ಕೊಳುತ್ತೆ. ಒಂದೆತ್ತಿಗೆ ಹುರುಳಿ ತಿನ್ನಿಸಿ, ಇನ್ನೊಂದನ್ನ ಉಪವಾಸ ಕೆಡವಿ, ಆಮೇಲೆ ಓಟ ಕಟ್ಟಿದ್ರೆ ಯಾವುದ್ರೀ ಗೆಲ್ಲೋದು?"

ಸ್ವರೂಪ್ ಪುಸ್ತಕ ಮುಚ್ಚಿದ. ಕಿವಿಯ ತುದಿ ಕೆಂಪಾಯಿತು. ಅದು ವನಜಾಳ ಕಣ್ಣಿಗೆ ಬಿತ್ತು.

ಸಂಜೆ ಇಬ್ಬರೂ ನಾಲ್ಕನೇ ನಂಬರಿನ ಸಿಸ್ಟಂ ಮುಂದೆ ಕೂತರು. ಪ್ರತಿ ಸಲವೂ ಸಿಸ್ಟಂ ಆಫ್ ಮಾಡಿ ಆನ್ ಮಾಡಿದರು. ಬೇರೆಲ್ಲವನ್ನೂ ಮುಚ್ಚಿ, ಒಂದೊಂದು ಬ್ರೌಸರಿಗೆ ಮೂರು ಮೂರು ಸಲ ಮೀನು ಬಿಟ್ಟು, ಮಧ್ಯದ ಸಂಖ್ಯೆ ತೆಗೆದುಕೊಂಡರು. ನೀಲಿ ನಲವತ್ತೊಂದು, ಕೆಂಪು ನಲವತ್ಮೂರು.

"ಸರಿ ಬುಡಿ, ಕೆಂಪೇ ಗೆದ್ದಿದ್ದು," ಎಂದ ಸ್ವರೂಪ್.

"ಗೆದ್ದಿಲ್ಲ. ಒಂದೇ ಬ್ರೌಸರನ್ನ ಮೂರು ಸಲ ಓಡ್ಸಿದ್ರೇ ಮೂರು ನಾಲ್ಕು ಆಚೀಚೆ ಆಯ್ತದೆ. ಎರಡು ಅಂದ್ರೆ ವ್ಯತ್ಯಾಸಾನೇ ಅಲ್ಲ. ಸಮ ಅಂತ ಬರ್ಕೊಳಿ."

"ಗೆಲ್ಲೋ ಅವಕಾಶ ಬಿಟ್ಕೊಡ್ತಾ ಇದ್ದೀರಲ್ರೀ!"

"ಸುಳ್ಳು ಗೆಲುವು ಕಟ್ಕಂಡು ನಾನೇನು ಮಾಡ್ಲಿ?"

ಅವನು ಅವಳನ್ನೇ ನೋಡಿದ. ನೋಡುತ್ತಲೇ ಇದ್ದ. ಬಸ್ಸಿಗೆ ಹೊತ್ತಾಯಿತೆಂದು ವನಜಾ ಎದ್ದಳು. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.

ಸೋಮವಾರ ಗೋಡೆಯ ಮೇಲೆ ಹೊಸ ಚೀಟಿ: 'ಕೆಂಪು ಬ್ರೌಸರ್ ನಿಧಾನ ಎಂದು ಬರೆದದ್ದು ತಪ್ಪು. ತಪ್ಪು ಬ್ರೌಸರಿನದಲ್ಲ, ನನ್ನ ಪರೀಕ್ಷೆಯದು. ಆ ದಿನ ಕರೆಂಟ್ ಇರಲಿಲ್ಲ. ಇನ್ನು ಮುಂದೆ ಎರಡಕ್ಕೂ ಒಂದೇ ಸಿಸ್ಟಂ, ಒಂದೇ ಕರೆಂಟು. – ಸ್ವರೂಪ್.'

ವಾದದಲ್ಲಿ ಸೋತ ಗಂಡಸರನ್ನು ವನಜಾ ಬೇಕಾದಷ್ಟು ನೋಡಿದ್ದಳು. ಸೋತಿದ್ದನ್ನು ಬರೆದು, ಸಹಿ ಹಾಕಿ, ಎಲ್ಲರೂ ಓದುವ ಗೋಡೆಗೆ ಅಂಟಿಸಿದವನನ್ನು ನೋಡಿದ್ದು ಅದೇ ಮೊದಲು.

ಆಮೇಲೆ ಪ್ರತಿ ಶನಿವಾರ ಟೆಸ್ಟ್ ನಡೆಯಿತು. ಅಪ್‌ಡೇಟ್ ಬಂದರೆ ಟೆಸ್ಟ್, ಬಾರದಿದ್ದರೂ ಟೆಸ್ಟ್. ಲಿಂಗಯ್ಯನವರು ಒಮ್ಮೆ ಇಣುಕಿ, "ಏನ್ರಪ್ಪಾ, ಮೀನು ಸಾಕಾಣಿಕೆ ಎಲ್ಲಿಗೆ ಬಂತು?" ಎಂದು ಕೇಳಿ ಹೋದರು.

ಒಂದು ಶನಿವಾರ ಸ್ವರೂಪ್ ನೂರೇ ಮೀನು ಬಿಟ್ಟ. ಸಂಖ್ಯೆ ಅರವತ್ತಕ್ಕೆ ಹೋಗಿ ನಿಂತಿತು. ಐವತ್ತಕ್ಕೆ ಇಳಿಸಿದ, ಅರವತ್ತೇ. ಹತ್ತಕ್ಕೆ ಇಳಿಸಿದ, ಆಗಲೂ ಅರವತ್ತೇ.

"ಕೆಟ್ಟೋಯ್ತಾ?" ಎಂದಳು ವನಜಾ.

"ಇಲ್ಲ. ಈ ಪರದೆ ಸೆಕೆಂಡಿಗೆ ಅರವತ್ತು ಸಲ ಅಷ್ಟೇ ಬದಲಾಗೋದು. ಒಳಗೆ ಎಷ್ಟೇ ಓಡ್ತಿದ್ರೂ ಹೊರಗೆ ಕಾಣೋದು ಅರವತ್ತೇ." ಕೀಬೋರ್ಡ್ ನೋಡುತ್ತಾ ಮುಂದುವರಿಸಿದ, "ನಿಮ್ಮ ಮುಖದ ಥರ."

ವನಜಾ ಫಕ್ಕನೆ ಪರದೆಯ ಕಡೆ ತಿರುಗಿದಳು. ಅವಳು ಮುಚ್ಚಿಟ್ಟ ನಗು ಗಾಜಿನಲ್ಲಿ ಮೀನುಗಳ ನಡುವೆ ತೇಲುತ್ತಿತ್ತು. ಅವನು ಅದನ್ನು ಅಲ್ಲೇ ನೋಡುತ್ತಿದ್ದಾನೆ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು.

'ನೀವು' ಹೋಗಿ 'ನೀನು' ಬಂತು. ತನ್ನ ಬೀದಿ ಯಾವುದು, ಜನ ಯಾರು ಎಂಬುದನ್ನು ವನಜಾ ಮೊದಲೇ ಹೇಳಿದಳು. ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ವಡೆ ಮುರಿಯುತ್ತಾ ನೇರವಾಗಿ ಹೇಳಿದಳು. ಅವನು ಕೇಳಿಸಿಕೊಂಡು, "ಗೊತ್ತಾಯ್ತು. ಟೀ ಆರ್ತಾ ಅದೆ, ಕುಡಿ," ಎಂದ. ಅಷ್ಟೇ ಸಾಕಾಗಿತ್ತು ಅವಳಿಗೆ.

ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ಅವನು ಅವಳನ್ನು ಆತಗೂರಿಗೆ ಕರೆದುಕೊಂಡು ಹೋದ. ತಾಯಿ ಚಿಕ್ಕಬೋರಮ್ಮ ನಗುಮುಖದಲ್ಲೇ ಬಂದರು. "ಬಾ ಕಣಮ್ಮ, ಕೂತ್ಕೊ. ಬಿಸ್ಲಲ್ಲಿ ಬಂದಿದ್ದೀಯ." ತಟ್ಟೆಯಲ್ಲಿ ಎರಡು ಸ್ಟೀಲ್ ಲೋಟ, ತುಂಬ ನೀರು. ಒಂದನ್ನು ಮಗನಿಗೆ ಕೊಟ್ಟರು. ಇನ್ನೊಂದು ವನಜಾಳ ಕಡೆ ಚಾಚಿತ್ತು.

ಜಗುಲಿಯ ಕಂಬಕ್ಕೆ ಒರಗಿದ್ದ ತಂದೆ ಚಿಕ್ಕಣ್ಣ ಆಗ ಕೇಳಿದರು: "ಬೆಳಕವಾಡಿ ಅಂದ್ಯಂತೆ. ಯಾವ ಬೀದಿ ಆಯ್ತವ್ವ?"

ಈ ಸೀಮೆಯಲ್ಲಿ ಯಾರೂ ಜಾತಿ ಕೇಳುವುದಿಲ್ಲ, ಬೀದಿ ಕೇಳುತ್ತಾರೆ.

"ಅಂಬೇಡ್ಕರ್ ಬೀದಿ. ನಮ್ಮಪ್ಪ ಅಶೋಕ್, ಮೇಷ್ಟ್ರು," ಎಂದಳು ವನಜಾ.

ಚಾಚಿದ್ದ ಲೋಟ ಅಲ್ಲೇ ನಿಂತಿತು. "ಅಯ್ಯೋ, ನೀರಲ್ಲಿ ಏನೋ ಕಸ ಅದೆ, ತಡಿಯಮ್ಮ," ಎಂದು ಚಿಕ್ಕಬೋರಮ್ಮ ಒಳಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಪೇಪರ್ ಕಪ್ ಇತ್ತು.

ವನಜಾ ಅದನ್ನು ಪಕ್ಕಕ್ಕಿಟ್ಟಳು. ತುಟಿಗೆ ತಾಗಿಸಲಿಲ್ಲ. ಸ್ವರೂಪನ ಲೋಟ ಆಗಲೇ ಖಾಲಿಯಾಗಿತ್ತು.

ವಾಪಸು ಅವನ ಬೈಕಿನಲ್ಲೇ ಬಂದರು. ಮದ್ದೂರಿನ ನಿಲ್ದಾಣದಲ್ಲಿ ಇಳಿದು ವನಜಾ ಕೇಳಿದಳು: "ನೀನು ನೀರು ಯಾವುದ್ರಲ್ಲಿ ಕುಡ್ದೆ?"

"ಅವ್ವಂದು ಹಳೇ ರೂಢಿ ವನಜಾ. ಸ್ವಲ್ಪ ದಿನ ಹೋದ್ರೆ..."

"ನಾನು ರೂಢಿ ಕೇಳ್ಲಿಲ್ಲ. ಲೋಟ ಕೇಳ್ದೆ. ನಿಂಗೆ ಕಾಣಲಿಲ್ವಾ?"

ಅವನು ತಲೆ ತಗ್ಗಿಸಿದ. "ಕಾಣ್ತು. ಆಗ್ಲೇ ನೀರು ಬಾಯಲ್ಲಿತ್ತು. ಏನು ಮಾಡ್ಲಿ?"

"ಉಗೀಬೇಕಿತ್ತು."

ಬಿಸಿಲಲ್ಲಿ ಕಬ್ಬಿನ ಲಾರಿಯೊಂದು ಕಿರುಗುಟ್ಟುತ್ತಾ ಹಾದುಹೋಯಿತು. ಅದು ದಾಟುವವರೆಗೆ ಕಾದು, ದನಿ ಏರಿಸದೆ ಅವಳು ಹೇಳಿದಳು: "ಎರಡಕ್ಕೂ ಒಂದೇ ಸಿಸ್ಟಂ, ಒಂದೇ ಕರೆಂಟು ಅಂತ ನೀನೇ ಗೋಡೆ ಮೇಲೆ ಬರ್ದೋನು. ಅವತ್ತು ನೀನು ನೋಡದೆ ಬರ್ದಿದ್ದೆ, ನಾನು ಕ್ಷಮಿಸ್ದೆ. ಇವತ್ತು ನೀನು ನೋಡಿ ಸುಮ್ನಿದ್ದೆ. ನೋಡಿ ಸುಮ್ನಿರೋನು ನಂಗೆ ಬೇಡ. ನಿಮ್ಮನೆ ಲೋಟಕ್ಕೆ ಕಾಯ್ಕಂಡು ಜಗಲಿ ಮೇಲೆ ಕೂರೋಳಲ್ಲ ನಾನು."

ಮಳವಳ್ಳಿ ಬಸ್ಸು ಬಂತು. ಅವಳು ಹತ್ತಿದಳು. ಅವನು ನಿಂತಿದ್ದ ಕಡೆ ಕಿಟಕಿ ಪಕ್ಕ ಸೀಟಿತ್ತು, ಬೇಕೆಂದೇ ಆಚೆ ಬದಿಯ ಸಾಲಿನಲ್ಲಿ ಕೂತಳು.

ಸೋಮವಾರ ಸ್ವರೂಪ್ ಲ್ಯಾಬಿಗೆ ಬರಲಿಲ್ಲ, ಮಂಗಳವಾರವೂ ಇಲ್ಲ. ರಜಾ ಹಾಕಿದ್ದಾನೆ ಎಂದರು ಲಿಂಗಯ್ಯನವರು. ವನಜಾ ಪಾಠ ಮಾಡಿದಳು. ಶನಿವಾರ ಸಂಜೆ ನಾಲ್ಕನೇ ಸಿಸ್ಟಂ ಮುಂದೆ ಒಬ್ಬಳೇ ಕೂತು ಹತ್ತು ಮೀನು ಬಿಟ್ಟಳು. ಅರವತ್ತು. ಅದನ್ನೇ ದಿಟ್ಟಿಸಿ, ಸಿಸ್ಟಂ ಆಫ್ ಮಾಡಿದಳು.

ಮನೆಯಲ್ಲಿ ಅಜ್ಜಿ ಮುದ್ದಮ್ಮ ಹೆಚ್ಚೇನೂ ಕೇಳಲಿಲ್ಲ. "ಬಂದ್ರೆ ಬರ್ಲಿ, ಓದ್ರೆ ಓಗ್ಲಿ ಬುಡು ಮಗ. ನಮ್ಮನೇಲೇನು ಲೋಟಕ್ಕೆ ಬರಗಾಲ್ವಾ?"

ಭಾನುವಾರ ಮಧ್ಯಾಹ್ನ ಅಂಬೇಡ್ಕರ್ ಬೀದಿಯ ತುದಿಯಲ್ಲಿ ಒಬ್ಬ ನಡೆದು ಬರುತ್ತಿದ್ದ. ಹೆಗಲಲ್ಲಿ ಬ್ಯಾಗು, ಬೈಕಿಲ್ಲ. ಎದುರು ಸಿಕ್ಕವರನ್ನೆಲ್ಲ ಮೇಷ್ಟ್ರ ಮನೆ ಎಲ್ಲೆಂದು ಗಟ್ಟಿಯಾಗಿ ಕೇಳುತ್ತಾ ಬಂದ. ಪಡಸಾಲೆಯಲ್ಲಿದ್ದ ವನಜಾ ಏಳಲಿಲ್ಲ.

"ನೀನೇನಪ್ಪಾ ಮೀನು ಬುಡೋನು?" ಎಂದರು ಮುದ್ದಮ್ಮ. ಒಳಗಿಂದ ಲೋಟದಲ್ಲಿ ನೀರು ತಂದು ಕೊಟ್ಟರು. "ಕುಡಿ. ಈ ಮನೇಲಿರೋದು ಒಂದೇ ಥರದ ಲೋಟ."

ಸ್ವರೂಪ್ ಒಂದು ಹನಿ ಬಿಡದೆ ಕುಡಿದ. ಕುಡಿದು, ವನಜಾಳ ಕಡೆ ತಿರುಗಿದ.

"ಅವತ್ತಿಂದ ಮನೇಲಿ ನಾನೂ ಪೇಪರ್ ಕಪ್‌ನಲ್ಲೇ ನೀರು ಕುಡ್ದೆ. ಊಟ ಜಗಲಿ ಮೇಲೆ. ಮೂರನೇ ದಿನ ಅವ್ವ ಅತ್ತಳು. ನಾಲ್ಕನೇ ದಿನ ಅಪ್ಪ ಬೈಕ್ ಕೀ ಇಸ್ಕಂಡ್ರು. ನಿನ್ನೆ ಕಪ್ಪೂ ಮುಗುದ್ವು, ಬೊಗಸೇಲಿ ಕುಡ್ದೆ."

"ಒಪ್ಪಿದ್ರಾ?"

"ಇಲ್ಲ."

"ಒಪ್ತಾರಾ?"

"ಗೊತ್ತಿಲ್ಲ. ಟೆಸ್ಟ್ ಮಾಡ್ದೆ ಇರೋದನ್ನ ನಾನು ಇನ್ಮೇಲೆ ಬರೆಯಲ್ಲ."

ವನಜಾಳ ಮುಖ ಕದಲಲಿಲ್ಲ. ಕೈಬೆರಳು ಮಾತ್ರ ಸೆರಗಿನ ಅಂಚನ್ನು ಹುಡುಕಿತು. ಅವನು ಬ್ಯಾಗಿನಿಂದ ಒಂದು ಕಾಗದ ತೆಗೆದ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಕೊಡುವ ಮದುವೆ ನೋಟಿಸಿನ ಫಾರಂ. ವರನ ಸಾಲು ತುಂಬಿತ್ತು, ವಧುವಿನ ಸಾಲು ಖಾಲಿ.

"ಮಳವಳ್ಳಿ ಆಫೀಸಲ್ಲಿ ಕೊಟ್ರೆ ಮೂವತ್ತು ದಿನ ಬೋರ್ಡ್ ಮೇಲಿರುತ್ತೆ. ನಾನು ಮದ್ದೂರು ತಾಲ್ಲೂಕಿನೋನು, ಅದಕ್ಕೆ ಒಂದು ಪ್ರತಿ ಅಲ್ಲಿಗೂ ಕಳ್ಸಿ ಅಂಟಿಸ್ತಾರಂತೆ. ನಮ್ಮೂರೋರು ಪಹಣಿ, ಪತ್ರ ಅಂತ ದಿನಾ ಆ ಕಡೆ ಬತ್ತಾರೆ. ಎಲ್ಲಾ ಓದ್ತಾರೆ." ಅವನ ಕಣ್ಣು ಕೆಳಗಿಳಿಯಲಿಲ್ಲ. "ಓದ್ಲಿ ಅಂತಾನೇ. ನಿಂಗೆ ಬೇಡ ಅಂದ್ರೆ ಹರಿದಾಕು. ನಂಗೆ ಮಾತ್ರ ನೀನೇ ಬೇಕು."

ವನಜಾ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಎರಡು ಸಲ ಓದಿದಳು. ಒಳಗೆ ಹೋಗಿ ಪೆನ್ನು ತಂದಳು.

"ವಯಸ್ಸು ಇಪ್ಪತ್ತೇಳು ಅಂತ ಬರ್ದಿದ್ದೀಯ. ಹೋದ ತಿಂಗಳೇ ನಿಂಗೆ ಇಪ್ಪತ್ತೆಂಟಾಯ್ತು."

"ಆಯ್ತಲ್ವಾ!"

"ಮದ್ವೆ ಫಾರಂನಲ್ಲೂ ತಪ್ಪು ಬರ್ಕಂಡು ಬಂದವ್ನೆ ನೋಡಜ್ಜಿ."

"ತಿದ್ದೋಕೆ ನೀನಿದ್ದೀಯಲ್ಲ, ಅದ್ಕೇ ಬಂದವ್ನೆ," ಎಂದರು ಮುದ್ದಮ್ಮ.

ಸ್ವರೂಪ್ ಬಗ್ಗಿ ಅವಳ ಮುಖ ನೋಡಿದ. "ಈಗೆಷ್ಟು? ಅರವತ್ತೇನಾ?"

"ಅರವತ್ತೇ. ಒಳಗಿಂದು ನಿಂಗ್ಯಾಕೆ?" ಎಂದಳು. ಈ ಸಲ ನಗುವನ್ನು ಬೇರೆ ಕಡೆ ತಿರುಗಿಸಲಿಲ್ಲ.

ಅವಳು ವಧುವಿನ ಸಾಲಿಗೆ ಬಂದಳು. ಹೆಸರು, ವಯಸ್ಸು, ಕೆಲಸ. ವಿಳಾಸದ ಜಾಗ ಚಿಕ್ಕದಿತ್ತು. ಅಕ್ಷರ ಕಿರಿದು ಮಾಡಲಿಲ್ಲ. ಗೆರೆ ದಾಟಿದರೂ ಬಿಡದೆ ದಪ್ಪಕ್ಷರದಲ್ಲಿ ಬರೆದಳು: 'ಅಂಬೇಡ್ಕರ್ ಬೀದಿ, ಬೆಳಕವಾಡಿ.'

"ಯಾವ ಬೀದಿ ಅಂತ ಕೇಳಿದ್ರಲ್ಲ ನಿಮ್ಮಪ್ಪ," ಎಂದು ಪೆನ್ನಿನ ಮುಚ್ಚಳ ಹಾಕಿದಳು. "ಮೂವತ್ತು ದಿನ ಓದ್ಲಿ."