ದಿಂಬಿನ ಪಕ್ಕದ ತೇವ

"ಒಣಗಿದೆ ಅಂತ ಸುಳ್ಳು ಬೊಗಳಬೇಡ ಮರ್ವಿನ್, ಗೋಡೆ ಒದ್ದೆಯಾಗಿದೆ," ಎಂದು ರೇಗಿದೆ.

"ಈ ಬ್ರೋಕನ್ ಹಿಲ್ ಊರಲ್ಲಿ ಮಳೆ ಬಿದ್ದು ವರ್ಷ ಆಯ್ತು. ಒದ್ದೆ ನಿನ್ನ ತಲೆಯೊಳಗೆ ಇರ್ಬೇಕು ಕಣೋ."

ಅವನು ಕಾರಿಗೆ ಕಟ್ಟಿ ನನ್ನ ಅಂಗಳಕ್ಕೆ ಎಳೆದು ತಂದಿದ್ದ ಗಾಲಿಗಳ ಮೇಲಿನ ಹಳೆಯ ಮರದ ಮನೆ, ಕ್ಯಾರವಾನನ್ನು ಕೊಂಡು, ಮನೆ ಕಳೆದುಕೊಂಡ ನನ್ನ ತಂಗಿ ಗ್ಲೆಂಡಾಳನ್ನು ಅದರಲ್ಲಿ ಇರಿಸಬೇಕೆಂದಿದ್ದೆ. ಮರ್ವಿನ್‌ನ ತಾಯಿ ಸಾಯುವವರೆಗೂ ಅದರಲ್ಲೇ ಮಲಗುತ್ತಿದ್ದಳಂತೆ. ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆ ತಟ್ಟಿದೆ. ಎಲ್ಲೆಡೆ ಒಣಮರದ ಗಟ್ಟಿ ಸದ್ದು. ಮಲಗುವ ಹಲಗೆಯ ಪಕ್ಕ, ದಿಂಬಿನ ಎತ್ತರದಲ್ಲಿ ಮಾತ್ರ ಅಂಗೈಯಗಲದ ತೇವವಿತ್ತು. ಒರೆಸಿದರೆ ಹೋಗುತ್ತಿತ್ತು, ಒಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಮೂಡುತ್ತಿತ್ತು. ಗೋಡೆಯ ಆ ಹಲಗೆಯನ್ನು ಬಿಚ್ಚಿ ನೋಡಿದೆ. ಹಿಂದೆ ಬರೀ ಒಣ ಧೂಳು.

"ನೀನೇ ಮುಟ್ಟಿ ನೋಡು."

ಮರ್ವಿನ್ ಮುಟ್ಟಿದ. ಥಟ್ಟನೆ ಕೈ ಹಿಂದಕ್ಕೆಳೆದುಕೊಂಡ.

"ಇನ್ನೂ ಬೆಚ್ಚಗಿದೆ," ಎಂದ. ನನಗೆ ಹೇಳಿದ್ದಲ್ಲ.

ಕೆಳಗಿಳಿದು, ತಿರುಗಿ ನೋಡದೆ ರಸ್ತೆಯತ್ತ ನಡೆದ. ಅವನ ಕಾರು ಇವತ್ತಿಗೂ ನನ್ನ ಅಂಗಳದಲ್ಲೇ ನಿಂತಿದೆ.