ಕೊನೇ ರೇಟು

ಆ ಜಾಹೀರಾತನ್ನು ಎಲ್ಲರಿಗಿಂತ ಮೊದಲು ನೋಡಿದವನು ಮಂದ್ರನೇ. ಅದೇ ಅವನ ಹೊಟ್ಟೆಯಲ್ಲಿ ಕೊನೆಯವರೆಗೂ ಉರಿದ ಕೆಂಡ.

ಹಳೆಯ ಬೇಸ್ ಗಿಟಾರುಗಳನ್ನು ಆನ್‌ಲೈನಿನಲ್ಲಿ ಕೊಂಡು, ರಿಪೇರಿ ಮಾಡಿ, ಮತ್ತೆ ಆನ್‌ಲೈನಿನಲ್ಲೇ ಮಾರುವುದು ಅವನ ಕಸುಬು. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಫೋನು ಉಜ್ಜುವ ಆಸಾಮಿ. ನಾಲ್ಕು ದಪ್ಪ ತಂತಿಯ ಆ ವಾದ್ಯವನ್ನು ಒಂದು ಕಾಲಕ್ಕೆ ಬ್ಯಾಂಡಿನಲ್ಲಿ ನುಡಿಸುತ್ತಿದ್ದವನಾದ್ದರಿಂದ ಗೆಳೆಯರು ಮಂದ್ರ ಎಂದು ಹೆಸರಿಟ್ಟಿದ್ದರು. ಅಸಲಿ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ನೆನಪು.

ಫೋಟೋದಲ್ಲಿ ಸೋಫಾಕ್ಕೆ ಒರಗಿ ನಿಂತ ಒಂದು ಹಸಿರು ಬೇಸ್. ಹಸಿರೆಂದರೆ ಒಣಗಿದ ಪಾಚಿಯಂಥ ಹಸಿರು. ಹೆಬ್ಬೆರಳು ಊರುವಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು. ಮಂದ್ರನಿಗೆ ವಿವರ ಓದುವ ಅಗತ್ಯವೇ ಬೀಳಲಿಲ್ಲ. ಅದು ಮಾಸ್ತರದು. ಅವನಿಗೆ ವಾದ್ಯ ಹಿಡಿಯಲು ಕಲಿಸಿದ, ಇವತ್ತಿಗೂ ಬ್ಯಾಂಡಿನ ಹಿರಿಯರಾಗಿರುವ ಮಾಸ್ತರದು. ಕೈ ನಡುಗತೊಡಗಿದೆ, ನುಡಿಸುವುದು ನಿಂತಿದೆ ಎಂದು ಯಾರೋ ಹೇಳಿದ್ದರು. ಈಗ ಅವರ ಮಗ ಅದನ್ನು ಮಾರಾಟಕ್ಕೆ ಹಾಕಿದ್ದ.

ಎದೆ ಡವಗುಟ್ಟಿತು. ಆದರೆ ಕಸುಬಿನ ಚಾಳಿ ಎದೆಗಿಂತ ಮುಂದೆ ಓಡಿತು. ಬೇರೆ ಹೆಸರಿನ ಖಾತೆಯಿಂದ "ಕೊನೇ ರೇಟು ಎಷ್ಟು?" ಎಂದು ಕೇಳಿದ. ಸಾಲದ್ದಕ್ಕೆ, "ಕತ್ತು ಸ್ವಲ್ಪ ಎಡಕ್ಕೆ ತಿರುಚಿದ ಹಾಗಿದೆಯಲ್ಲಾ" ಎಂದು ಒಂದು ಹುಳುಕನ್ನೂ ಎತ್ತಿದ. ಬೇಲಿ ಮೇಲಿನ ಕಾಯಿ ಎಲ್ಲಿಗೆ ಹೋದೀತು ಎಂದು ಕೊಕ್ಕರೆಯಂತೆ ಕಾದು ಕೂತ. ಸಂಜೆಗೆ ನೋಡಿದರೆ ಜಾಹೀರಾತಿನ ಮೇಲೆ ‘ಮಾರಾಟವಾಗಿದೆ’ ಎಂಬ ಪಟ್ಟಿ.

ಕೊಂಡವಳು ಡ್ರೈವಿಂಗ್ ಸ್ಕೂಲಿನ ಹುಡುಗಿ. ಹಗಲೆಲ್ಲ ಹೆದರಿದವರ ಪಕ್ಕ ಕೂತು ಕ್ಲಚ್ಚು ಗೇರು ಕಲಿಸುವವಳು. ಬೇಸ್ ನುಡಿಸುವ ಮೊದಲ ಪಾಠ ಅವಳು ಕಲಿತದ್ದು ಮಂದ್ರನ ಹತ್ತಿರವೇ. ಇಂದಿಗೂ ಬಾಯ್ತುಂಬ ಅಣ್ಣಾ ಎನ್ನುತ್ತಾಳೆ. ಹೇಳಿದ ಬೆಲೆಗೆ ಮರುಮಾತಾಡದೆ ಕೊಂಡು, ಕಲಿಯುವವರ ಫಲಕ ಹೊತ್ತ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದಳಂತೆ. ಆ ಸುದ್ದಿಯನ್ನು ಅರಗಿಸಿಕೊಳ್ಳುವ ಮೊದಲೇ ಇನ್ನೊಂದು ಬಂತು: ಬ್ಯಾಂಡಿನಲ್ಲಿ ಬೇಸ್ ನುಡಿಸಲು ಮಾಸ್ತರು ಅವಳನ್ನೇ ಕೂರಿಸಿದ್ದಾರೆ.

ಆ ಜಾಗ ಹಿಂದೆ ಮಂದ್ರನದು. ಯಾವುದೋ ಒಂದು ಮಾತಿಗೆ ಮುನಿಸಿಕೊಂಡು ಬಿಟ್ಟುಬಂದಿದ್ದ; ಕರೆಯಲು ಬಂದೇ ಬರುತ್ತಾರೆ ಎಂದುಕೊಂಡಿದ್ದ. ಯಾರೂ ಬರಲಿಲ್ಲ. ಇವನೂ ಹೋಗಲಿಲ್ಲ. ಮಾಸ್ತರ ಮನೆಯ ಬೀದಿಯನ್ನೇ ತಪ್ಪಿಸಿ ಸುತ್ತುಹಾಕಿಕೊಂಡು ಓಡಾಡುವುದು ಅಭ್ಯಾಸವಾಗಿಬಿಟ್ಟಿತ್ತು.

"ಅಂಥದ್ದೇ ಇನ್ನೊಂದು ಹುಡುಕ್ಕೊಂಡ್ರಾಯ್ತಪ್ಪ. ದಿನಾ ಅದೇ ಕೆಲ್ಸ ತಾನೆ ನಿಮ್ದು?" ಎಂದಳು ಹೆಂಡತಿ, ಅವನು ಊಟ ಬಿಟ್ಟು ತಟ್ಟೆ ನೋಡುತ್ತ ಕೂತದ್ದನ್ನು ಕಂಡು.

"ಅಂಥದ್ದು ಇನ್ನೊಂದಿಲ್ಲ."

"ನಿಮಗೆ ಬೇಕಾಗಿರೋದು ಆ ಗಿಟಾರಾ, ಇಲ್ಲಾ ಅದು ಅವಳ ಹತ್ರ ಇರಬಾರ್ದು ಅನ್ನೋದಾ?"

ಅವನು ತಟ್ಟೆ ಸರಿಸಿ ಕೈ ತೊಳೆಯಲು ಎದ್ದ. ಆದರೆ ಅವಳ ಬಾಯಿಂದ ಬಂದ ‘ಇನ್ನೊಂದು’ ಎಂಬ ಮಾತು ಕಿವಿಯಲ್ಲೇ ಉಳಿಯಿತು.

ಕುರಿ ತಾನಾಗೇ ಕಟುಕನ ಮನೆ ಬಾಗಿಲು ತಟ್ಟಿದಂತೆ, ಕೆಲವು ದಿನಗಳಲ್ಲೇ ಅವಳು ಆ ಬೇಸನ್ನು ಹೊತ್ತು ಅವನ ಅಂಗಡಿಗೆ ಬಂದಳು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ: ಗೋಡೆತುಂಬ ತೂಗುಹಾಕಿದ ಕತ್ತಿಲ್ಲದ ಮೈಗಳು, ಮೈಯಿಲ್ಲದ ಕತ್ತುಗಳು.

"ಅಣ್ಣಾ, ಒಂದ್ಸಲ ನೋಡಿ. ತಂತಿ ಸ್ವಲ್ಪ ಎತ್ತರ ಅನ್ಸತ್ತೆ," ಎಂದು ಮೇಜಿನ ಮೇಲೆ ಇಟ್ಟು, "ನಂಗೆ ಇದನ್ನ ಮುಟ್ಟೋಕೇ ಭಯ. ಮಾಸ್ತರ ಕೈ ಇನ್ನೂ ಇದರ ಮೇಲೇ ಇದೆ ಅನ್ಸತ್ತೆ" ಎಂದಳು.

ಮಂದ್ರ ನಕ್ಕ. ಅವಳು ಪಾಠ ಮುಗಿಸಿ ಬರುವಷ್ಟರಲ್ಲಿ ತಂತಿ ಸರಿಮಾಡಿದ, ಜೊತೆಗೆ ವಾದ್ಯದ ಪ್ರತಿ ಅಂಗದ ಅಳತೆ ತೆಗೆದ, ಪ್ರತಿ ಗೀರಿನ ಫೋಟೋ ಹಿಡಿದ, ತೂಕ ಮಾಡಿದ. ಆ ಸಲ ಅಸಲನ್ನೇ ಪ್ರಾಮಾಣಿಕವಾಗಿ ಹಿಂದಿರುಗಿಸಿದ. ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಕದಿಯುವವರು ಸಿಕ್ಕಿಬೀಳುವುದು ಮಾಲು ಕಾಣೆಯಾಗುವುದರಿಂದ. ಕಾಣೆಯೇ ಆಗದಿದ್ದರೆ ಹುಡುಕುವವರು ಯಾರು? ಅವಳ ಬೇಸ್ ಅವಳ ಬಳಿಯೇ ಇರುತ್ತದೆ. ಅದು ಅವಳದಲ್ಲ ಅನ್ನುವುದು ಅವನೊಬ್ಬನಿಗೆ ಗೊತ್ತಿರುತ್ತದೆ, ಅಷ್ಟೆ.

ಅದೇ ಕಾರ್ಖಾನೆಯ, ಅದೇ ಕಾಲದ ಮೈ ಒಂದನ್ನು ಹಡಗಿನಲ್ಲಿ ನುಡಿಸಿ ನಿವೃತ್ತನಾದವನೊಬ್ಬ ಮಾರುತ್ತಿದ್ದ. ಕತ್ತು ಮುಚ್ಚಿಹೋದ ಹೋಟೆಲೊಂದರ ಸಾಮಾನಿನ ಜೊತೆ ಸಿಕ್ಕಿತು. ತಿರುಪು, ಬಿರಡೆ, ಗುಂಡಿಗಳನ್ನು ಬೇರೆ ಬೇರೆ ತಾಣಗಳಲ್ಲಿ, ಬೇರೆ ಬೇರೆ ಖಾತೆಗಳಿಂದ, ಬೇರೆ ಬೇರೆ ಊರುಗಳಿಂದ ತರಿಸಿದ. ಒಬ್ಬ ಮಾರಾಟಗಾರನಿಗೂ ತಾನು ಒಂದು ಇಡೀ ಗಿಟಾರಿನ ಯಾವ ಕೈಕಾಲು ಮಾರುತ್ತಿದ್ದೇನೆಂದು ತಿಳಿಯಲಿಲ್ಲ. ಈ ಸಲ ಯಾರನ್ನೂ ಕೊನೇ ರೇಟು ಕೇಳಲಿಲ್ಲ. ಚೌಕಾಸಿ ಮಾಡಿದವನ ಮುಖ ನೆನಪಿರುತ್ತದೆ. ಕೇಳಿದ್ದು ಕೊಟ್ಟು ಹೋದವನನ್ನು ಯಾರೂ ನೆನೆಯುವುದಿಲ್ಲ.

ಹಸಿರನ್ನು ಹದಕ್ಕೆ ತರಲು ಮೈಯನ್ನು ಬಿಸಿಲಿಗೆ ಹಾಕಿದ, ನೆರಳಿಗೆ ತಂದ, ಮತ್ತೆ ಬಿಸಿಲಿಗೆ ಹಾಕಿದ. ಮಾಸ್ತರ ಹೆಬ್ಬೆರಳು ಅರ್ಧ ಆಯುಷ್ಯ ಊರಿ ಮಾಡಿದ ಆ ಸವೆತವನ್ನು ಇವನು ಚರ್ಮದ ತುಂಡಿನಿಂದ ಉಜ್ಜಿ ಉಜ್ಜಿ ಮಾಡಿದ. ಪ್ರತಿ ಗೀರಿಗೂ ಒಂದು ಗೀರು, ಪ್ರತಿ ಕಲೆಗೂ ಒಂದು ಕಲೆ. ಮೈ ಸ್ವಲ್ಪ ಭಾರವಿತ್ತು. ಗುಂಡಿಗಳಿರುವ ಮುಚ್ಚಳದ ಕೆಳಗೆ ಮರ ಕೆತ್ತಿ ಹಗುರ ಮಾಡಿದ. ಎಲ್ಲ ಮುಗಿದ ಮೇಲೆ ಹೊಸದಾಗಿ ಬಳಿದು ಹೊಳಪು ಸಾಯಿಸಿದ ವಾರ್ನಿಷಿನ ಮೇಲೆ ತೆಳುವಾಗಿ ಒಂದು ಕೈ ಮೇಣ. ಜೀವನದಲ್ಲಿ ಇಷ್ಟು ಶ್ರದ್ಧೆಯಿಂದ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ನಡುನಡುವೆ, ಅವಳು ಕಾರ್ಯಕ್ರಮಗಳಲ್ಲಿ ನುಡಿಸಿದ ವಿಡಿಯೋಗಳನ್ನು ಫೋನಿನಲ್ಲಿ ನೋಡುತ್ತಿದ್ದ. ಕೆಳಗೆ ಜನ ಬರೆದ ಹೊಗಳಿಕೆಗಳನ್ನು ಒಂದೂ ಬಿಡದೆ ಓದುತ್ತಿದ್ದ. ಓದಿದಷ್ಟೂ ಉಜ್ಜುವ ಕೈಗೆ ಕಸುವು ಬರುತ್ತಿತ್ತು.

ಮುಂದಿನ ಸಲ ಅವಳು ಬಂದಾಗ, ಕತ್ತಿನ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿಗಳ ಮೇಲೆ ಬೆರಳಾಡಿಸಿ ನಾಲಿಗೆ ಲೊಚಗುಟ್ಟಿದ.

"ಫ್ರೆಟ್ಟೆಲ್ಲ ಸವೆದು ಹೋಗಿದೆಯಲ್ಲಮ್ಮ. ಬದಲಾಯಿಸ್ಲೇಬೇಕು. ಮೊದಮೊದಲು ಕೈಗೆ ಸ್ವಲ್ಪ ಬೇರೆ ಥರ ಅನ್ಸುತ್ತೆ, ದನೀನೂ ಒಂಚೂರು ಬೇರೆ ಆಗುತ್ತೆ. ಆಮೇಲೆ ಒಗ್ಗಿಹೋಗುತ್ತೆ."

"ನೀವು ಹೇಳಿದ್ಮೇಲೆ ಮುಗೀತಲ್ಲ ಅಣ್ಣಾ."

ಇನ್ನು ಯಾವ ವ್ಯತ್ಯಾಸ ಕಂಡರೂ ಅದು ಹೊಸ ಫ್ರೆಟ್ಟಿನ ಪಾಪ. ಅವಳ ಬೆರಳಿನ ಜಿಡ್ಡು ಹತ್ತಿದ ಹಳೆಯ ತಂತಿಗಳನ್ನೇ ತದ್ರೂಪಿಗೆ ಕಟ್ಟಿದ. ಕಾರ್ಖಾನೆಯ ನಂಬರು ಒತ್ತಿದ ಹಿತ್ತಾಳೆ ಬಿಲ್ಲೆಯನ್ನು ಅಸಲಿನಿಂದ ಬಿಚ್ಚಿ ಇದಕ್ಕೆ ಕೂರಿಸಿದ. ನಂಬರಿಲ್ಲದಿದ್ದರೆ ಅಸಲಿನ ಬೆಲೆ ನೆಲಕಚ್ಚುತ್ತದೆ. ಕಚ್ಚಲಿ, ಅದು ಮಾರುವುದಕ್ಕಲ್ಲ. ಅಸಲಿನ ಜೊತೆಗೇ ಬಂದಿದ್ದ ಮಾಸ್ತರ ಹಳೆಯ ಪೆಟ್ಟಿಗೆಯಲ್ಲಿ ತದ್ರೂಪನ್ನು ಮುಚ್ಚಿಟ್ಟು, ಮಾಸ್ತರ ಮನೆಯ ಕಪಾಟಿನ ವಾಸನೆ ಇದರ ಮೈಗೂ ಹತ್ತುವವರೆಗೆ ಕಾದು, ಆಮೇಲೆ ಅವಳಿಗೆ ಫೋನು ಮಾಡಿದ.

ಅವಳು ಅಂಗಡಿಯಲ್ಲೇ ನುಡಿಸಿ ನೋಡಿದಳು. ಒಂದು ಕ್ಷಣ ಹುಬ್ಬು ಗಂಟಿಕ್ಕಿತು. ಮಂದ್ರ ಮೇಜಿನ ಮೇಲಿನ ತಿರುಪುಗಳನ್ನು ಡಬ್ಬಿಗೆ ತುಂಬತೊಡಗಿದ.

"ಮೊದಲಿಗಿಂತ ಚೆನ್ನಾಗಾಗಿದೆಯಲ್ಲಣ್ಣ."

ಅದನ್ನು ಕೇಳಿ ಅವನಿಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಆ ತಿಂಗಳ ಕಾರ್ಯಕ್ರಮಕ್ಕೆ ಟಿಕೆಟು ಕೊಂಡು ಹೋಗಿ ಮಧ್ಯದ ಸಾಲಿನಲ್ಲಿ ಕೂತ. ನಕಲಿ ಮರದಿಂದ ಅವಳು ಅಸಲಿ ನಾದವನ್ನೇ ಎಬ್ಬಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಮಾಸ್ತರ ಬಿಳಿಯ ತಲೆ ತಾಳಕ್ಕೆ ಸರಿಯಾಗಿ ತೂಗುತ್ತಿತ್ತು. ಮಂದ್ರ ಮಾತಾಡಿಸದೆ ಹಿಂದಿನ ಬಾಗಿಲಿನಿಂದ ಹೊರಬಿದ್ದ.

ಅಸಲು ಅಂಗಡಿಗೆ ಅಂಟಿದ ಒಳಕೋಣೆಯಲ್ಲಿ, ಬಾಗಿಲ ಪರದೆಯ ಹಿಂದೆ, ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಹೆಂಡತಿ ಕೆಲಸಕ್ಕೆ ಹೋದ ಮಧ್ಯಾಹ್ನಗಳಲ್ಲಿ ಇಳಿಸಿಕೊಂಡು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ನುಡಿಸುತ್ತಿದ್ದ. ಯಾರಿಗೂ ತೋರಿಸುವಂತಿಲ್ಲ, ಕೇಳಿಸುವಂತಿಲ್ಲ, ಬಾಯಿಬಿಟ್ಟು ಹೇಳುವಂತಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ಬೇರೆಯೇ ಇತ್ತು. ಮಾಸ್ತರ ಗಿಟಾರಿನಲ್ಲೂ ಮಂದ್ರ ಮಂದ್ರನಂತೆಯೇ ಕೇಳಿಸುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಕಲಿಯುವವರ ಫಲಕದ ಆ ಕಾರು ಅಂಗಡಿಯ ಮುಂದೆ ನಿಂತಿತು. ಒಂದು ಕಡೆಯಿಂದ ಅವಳು ಇಳಿದಳು. ಇನ್ನೊಂದು ಕಡೆಯಿಂದ ಅವಳ ಕೈ ಹಿಡಿದು ಮಾಸ್ತರು ಇಳಿದರು. ಮಂದ್ರ ಎದ್ದು ನಿಂತ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಏನಯ್ಯಾ, ನಮ್ಮನೆ ದಾರಿ ಮರ್ತುಹೋಯ್ತಾ?" ಎಂದರು ಮಾಸ್ತರು, ಕಿವಿ ಮಂದವಾದವರು ಮಾತಾಡುವಂತೆ ಸ್ವಲ್ಪ ಜೋರಾಗಿ.

"ಹಾಗೇನಿಲ್ಲ ಮಾಸ್ತರೇ, ಕೆಲಸ..."

"ಅಣ್ಣಾ, ನಂಗೆ ಬೇರೆ ಊರಲ್ಲಿ ಬಸ್ ಓಡ್ಸೋ ಕೆಲಸ ಸಿಕ್ಕಿದೆ," ಎಂದಳು ಹುಡುಗಿ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಅವನ ಕಡೆ ಸರಿಸಿದಳು. "ಇದನ್ನ ನಿಮಗೆ ಕೊಟ್ಟು ಹೋಗೋಣ ಅಂತ ಬಂದ್ವಿ. ದುಡ್ಡಿನ ಮಾತು ಎತ್ತಬೇಡಿ."

"ನಂಗ್ಯಾಕಮ್ಮ?"

"ಅವತ್ತು ರೇಟು ಕೇಳಿದ್ದು ನೀವೇ ಅಂತ ಮಾಸ್ತರಿಗೆ ಗೊತ್ತಾಗಿತ್ತು."

"ಕತ್ತು ಎಡಕ್ಕೆ ತಿರುಚಿದೆ ಅಂತ ಫೋಟೋ ನೋಡಿ ಹೇಳೋಕಾಗತ್ತೇನೋ?" ಮಾಸ್ತರು ನಕ್ಕರು. "ಹಿಡಿದು ನುಡಿಸಿದೋರಿಗೆ ಮಾತ್ರ ಗೊತ್ತು ಅದು. ಬರ್ತಾನೆ, ಬಾಯ್ಬಿಟ್ಟು ಕೇಳ್ತಾನೆ ಅಂತ ಮಧ್ಯಾಹ್ನದ ತನಕ ಕಾದೆ. ಸುಮ್ನೆ ಕೊಟ್ಬಿಡ್ತಿದ್ದೆ."

"ಬೇರೆ ಯಾರೋ ಎತ್ಕೊಂಡು ಹೋಗ್ಬಿಡ್ತಾರೆ ಅಂತ ನಾನು ತಗೊಂಡೆ," ಎಂದಳು ಅವಳು. "ಮಾರನೇ ದಿನಾನೇ ನಿಮಗೆ ತಂದ್ಕೊಡ್ಬೇಕಿತ್ತು. ಆದ್ರೆ ಒಂದ್ಸಲ ನುಡಿಸಿದ್ಮೇಲೆ ಮನಸ್ಸು ಬರ್ಲಿಲ್ಲ. ತಪ್ಪಾಯ್ತಣ್ಣ."

ಮಂದ್ರ ತಲೆ ತಗ್ಗಿಸಿದ. ಕಣ್ಣಲ್ಲಿ ನೀರು ಬಂದದ್ದು ನಿಜ. ಅದರ ಹಿಂದೆಯೇ ನಗು ಬಂದದ್ದೂ ನಿಜ. ಕದ್ದವನೂ ಅವನೇ, ಕಳೆದುಕೊಂಡವನೂ ಅವನೇ. ಇವತ್ತಿಗೆ ಅಸಲು ಅವನದು, ನಕಲೂ ಅವನದು. ಇಡೀ ಲೋಕದಲ್ಲಿ ಮೋಸಹೋದವರು ಒಬ್ಬರೂ ಉಳಿದಿಲ್ಲ. ಇವರನ್ನು ಕಾರು ಹತ್ತಿಸಿದ ಕೂಡಲೇ ಬಿಲ್ಲೆಯನ್ನು ಬಿಚ್ಚಿ ಅದರ ಜಾಗಕ್ಕೆ ಸೇರಿಸುವುದು, ತದ್ರೂಪಿನ ಭಾಗಗಳನ್ನು ಬಿಡಿಬಿಡಿಯಾಗಿ ಮಾರಿಬಿಡುವುದು, ಪರದೆ ತೆಗೆದು ಅಸಲನ್ನು ಮುಂದಿನ ಕೋಣೆಗೆ ತರುವುದು. ಆಮೇಲೆ ಮಾಸ್ತರ ಮನೆಗೆ ಹೋಗಿಬರುವುದು. ಹೌದು, ಅದನ್ನೂ ಮಾಡಬೇಕು. ಪೆಟ್ಟಿಗೆ ತೆರೆದು, ತಾನೇ ಮಾಡಿದ ಹೆಬ್ಬೆರಳಿನ ಸವೆತದ ಮೇಲೆ ಕೈಯಿಟ್ಟು ಭಕ್ತಿಯಿಂದ ಸವರಿದ.

"ಕೊಡಿಲ್ಲಿ, ಒಂದ್ಸಲ ಹಿಡ್ಕೋತೀನಿ," ಎಂದರು ಮಾಸ್ತರು. "ಮಾರಿದ್ಮೇಲೆ ಮುಟ್ಟೇ ಇಲ್ಲ, ಆಸೆ ಆಗತ್ತೆ ಅಂತ." ಸ್ಟೂಲಿನ ಮೇಲೆ ಕೂತು ವಾದ್ಯವನ್ನು ಮಗುವಿನಂತೆ ತೊಡೆಗೆಳೆದುಕೊಂಡರು. ಆಮೇಲೆ ಅವರು ಮಾಡಿದ್ದನ್ನು ಮಂದ್ರ ಹಿಂದೆಂದೂ ಕಂಡಿರಲಿಲ್ಲ: ಬಗ್ಗಿ, ಗಿಟಾರಿನ ಮೈಯಿಂದ ಮೇಲೆ ಚಾಚಿದ ಕೊಂಬನ್ನು ಬಾಯಿಗೆ ತಂದು ಹಲ್ಲಿನಿಂದ ಕಚ್ಚಿ ಹಿಡಿದು, ನಡುಗುವ ಬೆರಳಲ್ಲಿ ದಪ್ಪ ತಂತಿಯನ್ನು ಮೀಟಿದರು. "ಕಿವಿ ಕೈಕೊಟ್ಟ ಮೇಲೆ ಮಾಸ್ತರು ಕೇಳಿಸ್ಕೊಳ್ತಿದ್ದಿದ್ದೇ ಹೀಗೆ. ಮರ ಹಲ್ಲಿಗೆ ಹೇಳುತ್ತಂತೆ," ಎಂದು ಹುಡುಗಿ ಮೆಲ್ಲಗೆ ವಿವರಿಸಿದಳು. "ನೀವು ಮನೆಗೆ ಬರೋದು ಬಿಟ್ಟಿದ್ರಲ್ಲ, ನೋಡಿಲ್ಲ." ಕಣ್ಣಿಗೆ, ಬೆರಳಿಗೆ, ಕಿವಿಗೆ, ಕೊನೆಗೆ ಮೂಗಿಗೂ ಮಂದ್ರ ಉತ್ತರ ಸಿದ್ಧಪಡಿಸಿದ್ದ. ಮಾಸ್ತರು ಬಾಯಿ ತೆಗೆದು ತುಟಿ ಒರೆಸಿಕೊಂಡರು, ಮತ್ತೊಮ್ಮೆ ಕಚ್ಚಿ ನೋಡಿದರು, ಮತ್ತೆ ಒರೆಸಿಕೊಂಡರು. "ಎಷ್ಟು ವರ್ಷ ಕಚ್ಚಿದೀನಿ ಕಣಮ್ಮ, ನಂದು ಇಷ್ಟು ಕಹಿ ಇರ್ಲಿಲ್ಲ," ಎಂದರು, ಹೊಸ ವಾರ್ನಿಷು ಹತ್ತಿದ ನಾಲಿಗೆಯನ್ನು ಅಂಗುಳಿಗೆ ಒತ್ತಿಕೊಳ್ಳುತ್ತ. "ಇದು ನಂದಲ್ಲ. ನಡುವೆ ಯಾರ ಕೈಗೆ ಕೊಟ್ಟಿದ್ದೆ?" ಹುಡುಗಿ ಅಣ್ಣನ ಮುಖವನ್ನು ನೋಡಿದಳು. ಅಣ್ಣನ ಕಣ್ಣು ಅವನನ್ನು ಕೇಳದೆಯೇ ಹೋಗಿ ನಿಂತ ಜಾಗವನ್ನು ನೋಡಿದಳು. ಆಮೇಲೆ ಒಳಕೋಣೆಯ ಪರದೆಯ ಕಡೆ ನಡೆದಳು.