ಹೊರಗೋಡೆಯ ಗೂಡು

"ಈ ಸೀಲಿಂಗ್ ತಗಸ್ರಿ. ಇವತ್ತ."

ನೀಲಮ ಈಶ್ವರನಿಗೆ ಆಡಿದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ತಾನು ಯಾರೆಂದು ಹೇಳಿದ್ದೂ ಇಲ್ಲ.

ಐನಾಪುರದ ಹೊರಗೆ, ದ್ರಾಕ್ಷಿ ಪಡಗಳ ನಡುವೆ ಈಶ್ವರನ ತೋಟದ ಮನೆ. ಅದನ್ನು ದಿನದ ಬಾಡಿಗೆಗೆ ಕೊಟ್ಟು, ಪುಣೆ-ಕೊಲ್ಹಾಪುರದ ಜನರನ್ನು ಕರೆಸಬೇಕೆಂಬುದು ಅವನ ಆಸೆ. ಒಳಾಂಗಣ ವಿನ್ಯಾಸ ಮಾಡುವ ನೀಲಮ ನಿಪ್ಪಾಣಿಯಿಂದ ಚಿಕ್ಕೋಡಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಧೂಳು ತಿಂದು ತಲುಪುವಷ್ಟರಲ್ಲಿ ಈ ಪುಣ್ಯಾತ್ಮ ಪಡಸಾಲೆಗೆ ಗುಲಾಬಿ ಸೀಲಿಂಗ್ ಹೊಡೆಸಿ, ನಡುವೆ ನೀಲಿ ಲೈಟು ಬೇರೆ ಹಾಕಿಸಿದ್ದ!

"ಯಾಕ್ರಿ? ಛಂದ ಕಾಣತೈತೆಲ್ಲ?"

"ಪುಣೆದಾಗ ಇಂಥವು ಓಣಿಗೊಂದ ಅದಾವ. ಅದನ್ನ ನೋಡಾಕ ಐನಾಪುರತನಕ ಯಾರ ಬರ್ತಾರ್ರಿ?"

ಅಪ್ಪ ತೀರಿಕೊಂಡ ಮೇಲೆ ಈಶ್ವರನಿಗೆ ಹೀಗೆ ಮುಖಕ್ಕೆ ಹೊಡೆದಂತೆ ಮಾತಾಡಿದವರೇ ಇರಲಿಲ್ಲ. ಸಿಟ್ಟು ಬರಬೇಕಿತ್ತು. ನಗು ಬಂತು.

ಆ ನಗು ನೋಡಿದ ನೀಲಮ ಸರಕ್ಕನೆ ತಿರುಗಿ ಟೇಪು ಬಿಚ್ಚಿ ಗೋಡೆ ಅಳೆಯತೊಡಗಿದಳು. ಅಳತೆ ತಪ್ಪಿತು. ಮತ್ತೆ ಅಳೆದಳು, ಮತ್ತೆ ತಪ್ಪಿತು. ಪಾಪ, ಟೇಪಿನದೇನೂ ತಪ್ಪಿರಲಿಲ್ಲ...

ಸೀಲಿಂಗ್ ಇಳಿಯಿತು. ಮೇಲಿನ ಸಾಗವಾನಿ ತೊಲೆಗಳು ಹೊರಬಂದವು. ದ್ರಾಕ್ಷಿಯನ್ನು ಮಣೂಕವಾಗಿ ಒಣಗಿಸುವ ಶೆಡ್ಡಿನ ಕೆಳಗಿನ ಅಟ್ಟಕ್ಕೆ ಗಾದಿ ಹಾಸಿದರೆ ಬಂದವರು ಹಸಿರು ಜಾಳಿಗೆಯ ನೆರಳಲ್ಲಿ ಮಲಗಬಹುದೆಂದು ಅವಳು ಹೇಳಿದಾಗ ಅವನು ನಂಬಲಿಲ್ಲ. ತಾನೇ ಒಂದು ಮಧ್ಯಾಹ್ನ ಅಲ್ಲಿ ಮಲಗಿ ಗೊರಕೆ ಹೊಡೆದ ಮೇಲೆ ನಂಬಿದ.

ನೀಲಮಳದು ಒಂದೇ ಹಟ. ಬಂದ ಅತಿಥಿಗಳು ಮನೆಗೆ ಹೋದ ಮೇಲೆ ಹತ್ತು ಕೋಣೆ ನೆನಪಿಡುವುದಿಲ್ಲ, ಒಂದು ಜಾಗ ನೆನಪಿಡುತ್ತಾರೆ. ಆ ಒಂದು ಜಾಗ ಎಲ್ಲಿದೆಯೆಂದು ಅವಳು ದಿನವೂ ನಿಪ್ಪಾಣಿಯಿಂದ ಬಂದು ಹುಡುಕುತ್ತಿದ್ದಳು. ಅವಳ ಹಿಂದೆ ಈಶ್ವರನೂ ಹುಡುಕುತ್ತಿದ್ದ, ಕಣ್ಣು ಮಾತ್ರ ಬೇರೆ ಕಡೆ ಇರುತ್ತಿತ್ತು.

ದ್ರಾಕ್ಷಿ ಪಡದ ಚಪ್ಪರದ ಕೆಳಗೆ ನಿಂತು ಅವನು ಮನಸ್ಸು ಬಿಚ್ಚಿದ ದಿನ ನೀಲಮ ತಕ್ಷಣ ಒಪ್ಪಿಕೊಳ್ಳಲಿಲ್ಲ. ತಾವು ಬೌದ್ಧರಾದ ದಲಿತರು, ಅಪ್ಪ ಈಗ ಬ್ಯಾಂಕಿನಲ್ಲಿದ್ದಾರೆ, ಆದರೆ ಹೆತ್ತ ಆಯಿ ಈ ಕಡೆಯ ತೋಟಗಳಲ್ಲೇ ಕೂಲಿ ಮಾಡಿದವಳು ಎಂದು ಸ್ಪಷ್ಟವಾಗಿ ಹೇಳಿದಳು.

"ನಾ ಜಾತಿ-ಗೀತಿ ನೋಡಾಂಗಿಲ್ಲ, ನೀಲಾ," ಅಂದ ಅವನು, ಎಷ್ಟು ಸಲೀಸಾಗಿ!

ಅಷ್ಟು ಸಾಕಾಯಿತು ಅವಳಿಗೆ. ಅಂದಿನಿಂದ ಅವನು 'ನೀವು' ಹೋಗಿ 'ನೀ' ಆದ.

ಕೆಲಸ ಮುಗಿಯುತ್ತ ಬಂದಾಗ, ಕೊಟ್ಟಿಗೆಯ ಬದಿಯ ಹೊರಗೋಡೆಯನ್ನು ಗೌಂಡಿ ಕೆರೆಯುತ್ತಿದ್ದ. ಗಿಲಾವು ಉದುರಿ ಒಂದು ಗೂಡು ಕಾಣಿಸಿತು. ಮೊಣಕಾಲೆತ್ತರದಲ್ಲಿ, ಕಮಾನಿನ ಆಕಾರದ ಪುಟ್ಟ ಗೂಡು. ಈಶ್ವರನ ತಾಯಿ ಅಕ್ಕುತಾಯಿ ಒಳಗಿನಿಂದ ಬಂದವರೇ, ಹಾವು ಸೇರುತ್ತವೆ, ಮುಚ್ಚಿಬಿಡಿ ಅಂದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ನೀಲಮಳ ಕಣ್ಣು ಹೊಳೆದಿದ್ದವು. ಸಿಕ್ಕಿತು, ಆ ಒಂದು ಜಾಗ!

ಗೂಡಿಗೆ ಅವಳೇ ಕೈಯಾರೆ ಕೆಮ್ಮಣ್ಣು ಬಳಿದಳು. ಹಿತ್ತಾಳೆಯ ದೀಪ ತಂದಿಟ್ಟಳು. ಪಕ್ಕದಲ್ಲಿ ಕಲ್ಲಿನ ಆಸನ. ಸಂಜೆ ದೀಪ ಹಚ್ಚಿ ತೆಗೆದ ಫೋಟೋ ಬಾಡಿಗೆ ಆಪ್‌ನಲ್ಲಿ ಮನೆಯ ಮುಖಪುಟವಾಯಿತು. ಅಂದು ಇಬ್ಬರೂ ಆ ಕಲ್ಲಿನ ಮೇಲೆ ಒತ್ತಿಕೊಂಡು ಕೂತಿದ್ದರು. ಲೋಕದಲ್ಲಿ ತನಗಿಂತ ಸುಖಿ ಯಾರಿದ್ದಾರೆ ಅನ್ನಿಸಿತ್ತು ನೀಲಮಳಿಗೆ...

ನಿಪ್ಪಾಣಿಗೆ ಬಂದವಳೇ ಆಯಿಗೆ ಫೋಟೋ ತೋರಿಸಿದಳು. ಸೋನಾಬಾಯಿ ಕನ್ನಡಕ ಏರಿಸಿಕೊಂಡು ನೋಡಿದಳು. ಬೆರಳಿನಿಂದ ಫೋಟೋ ದೊಡ್ಡದು ಮಾಡಿದಳು.

"ಬಾಜೂಕ ದನದ ಕೊಟಗಿ ಐತೇನ?"

"ಹೌದ ಆಯಿ. ನಿನಗ ಹೆಂಗ ಗೊತ್ತ?"

"ಅದರಾಗ ನನ್ನ ಕಪ್ಪ ಇರತಿತ್ತ."

ನೀಲಮಳಿಗೆ ಮೊದಲು ಅರ್ಥವಾಗಲಿಲ್ಲ. ಆಯಿ ಸಿಟ್ಟಿಲ್ಲದೆ, ಅಳುವಿಲ್ಲದೆ ಹೇಳಿದಳು. ತಮ್ಮ ಓಣಿಯ ಕೂಲಿಗಳ ಚಹಾದ ಕಪ್ಪುಗಳು ಮನೆಯೊಳಗೆ ಹೋಗುವಂತಿರಲಿಲ್ಲ. ಆ ಗೂಡಿನಿಂದ ತಾವೇ ತೆಗೆದುಕೊಂಡು ತೊಳೆದು ಹಿಡಿಯಬೇಕು. ಮನೆಯವರು ಮೇಲಿನಿಂದ ಚಹಾ ಸುರಿಯುತ್ತಾರೆ. ಕುಡಿದು, ತೊಳೆದು, ಮತ್ತೆ ಅಲ್ಲೇ ಇಡಬೇಕು. ಯಾವ ತೋಟವೆಂದು ಅವಳು ಮನೆಯಲ್ಲಿ ಎಂದೂ ಹೇಳಿರಲಿಲ್ಲ. ಹೇಳುವಂಥದ್ದು ಅದರಲ್ಲೇನಿತ್ತು?

ಕೊನೆಗೆ ಫೋನು ಹಿಂದಿರುಗಿಸುತ್ತ ಕೇಳಿದಳು, "ಅದಕ್ಕ ನೀ ದೀಪ ಹಚ್ಚೀಯೇನ, ಬಾಳಾ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆಯಿ ಬರೀ ಕೇಳಿದ್ದಳು. ನೀಲಮ ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಅತ್ತಳು.

ಮರುದಿನ ಐನಾಪುರಕ್ಕೆ ಹೋಗಿ ಆ ಫೋಟೋ ತೆಗೆದುಬಿಡು ಅಂದಳು. ಯಾಕೆ ಅಂದ ಈಶ್ವರ. ಆಯಿಯ ಆ ಕಪ್ಪಿನ ಮಾತನ್ನು ಇದೇ ಅಂಗಳದಲ್ಲಿ ನಿಂತು ಅವಳು ಹೇಳುವುದು ಹೇಗೆ? ಅವನು ನಗುತ್ತ, ಆ ಫೋಟೋ ನೋಡಿಯೇ ಬುಕಿಂಗ್ ಬರುತ್ತಿವೆ, ಅದು ನಮ್ಮ ಮನೆಯ ಗುರುತು ಅಂದ.

ಬಾಗಿಲಲ್ಲಿ ನಿಂತಿದ್ದ ಅಕ್ಕುತಾಯಿ ಸಟ್ಟನೆ ತಲೆ ತಗ್ಗಿಸಿದರು.

ನೀಲಮ ಅದನ್ನು ನೋಡಿಬಿಟ್ಟಳು. 'ಇವರಿಗೆ ಗೊತ್ತಿದೆ... ತಾಯಿಗೆ ಗೊತ್ತಿದ್ದ ಮೇಲೆ ಮಗನಿಗೂ ಗೊತ್ತಿರಲೇಬೇಕು. ಗೊತ್ತಿದ್ದೂ ನನ್ನ ಕೈಯಿಂದಲೇ ದೀಪ ಇಡಿಸಿದನೇ?'

"ನನ್ನ ಕೆಲಸ ಮುಗೀತ್ರಿ," ಅಂದಳು.

ಆ 'ರಿ' ಕೇಳಿ ಈಶ್ವರನ ನಗು ನಿಂತಿತು. ಅವನು ಹಿಂದೆಯೇ ಓಡಿ ಬರುವಷ್ಟರಲ್ಲಿ ಅವಳು ಬಸ್ಸು ಹತ್ತಿದ್ದಳು.

ಅವನು ಫೋನು ಮಾಡಿದ. ಅವಳು ಎತ್ತಲಿಲ್ಲ. ಕೊನೆಗೆ, ಪುಣೆಯಲ್ಲಿ ದೊಡ್ಡ ಕೆಲಸ ಸಿಕ್ಕಿದೆ, ಕಾಡಬೇಡಿ ಎಂದು ಸುಳ್ಳು ಬರೆದು ನಂಬರು ಬ್ಲಾಕ್ ಮಾಡಿದಳು. ತನಗಿಂತ ಪುಣೆ ಹೆಚ್ಚಾಯಿತೇ ಎಂದು ಅವನು ಅಲ್ಲಿ ಒಳಗೊಳಗೇ ಬೆಂದ. ಅವಳು ಇಲ್ಲಿ, ನಿಪ್ಪಾಣಿಯಲ್ಲೇ, ಮಂದಿಯ ಅಡುಗೆಮನೆಗಳ ನಕ್ಷೆ ಬಿಡಿಸುತ್ತ ಬೆಂದಳು.

ಮರೆಯಬೇಕೆಂದವಳು ಏನು ಮಾಡಬೇಕು? ಆಪ್ ಅಳಿಸಬೇಕು. ನಮ್ಮ ನೀಲಮ ದಿನಾ ತೆರೆದು ನೋಡುತ್ತಿದ್ದಳು.

ಬಂದುಹೋದವರ ಹೊಗಳಿಕೆ ಹರಿದುಬರುತ್ತಿತ್ತು. ದೀಪದ ಗೂಡಿನ ಮುಂದೆ ಕೂತರೆ ಎಷ್ಟು ನೆಮ್ಮದಿ ಎಂದು ಪುಣೆಯ ಜೋಡಿಯೊಂದು ಬರೆದಿತ್ತು. ಇಷ್ಟು ಪ್ರೀತಿಯಿಂದ ಕಟ್ಟಿದ ಮನೆ ನೋಡಿಲ್ಲ ಎಂದು ಸಾಂಗಲಿಯ ಹೆಂಗಸೊಬ್ಬಳು. ಒಂದೊಂದು ಮೆಚ್ಚುಗೆಯೂ ಅವಳ ಎದೆಗೆ ಚುಚ್ಚುತ್ತಿತ್ತು. ಎಲ್ಲಕ್ಕಿಂತ ದೊಡ್ಡ ನೋವು ಬೇರೆಯೇ ಇತ್ತು. ಇಷ್ಟಾದರೂ ಅವನ ನೆನಪಾಗುತ್ತಿತ್ತು. ಆಯಿಯ ಮುಖ ನೋಡಿದಾಗೆಲ್ಲ ಆ ನೆನಪಿಗೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಆ ಮನೆ ಆಪ್‌ನಲ್ಲಿ ಇರಲೇ ಇಲ್ಲ. ಮತ್ತೆ ಮತ್ತೆ ಹುಡುಕಿದಳು. ಇಲ್ಲ... ಅವನಿಗೇನಾಯಿತು?

ಅದೇ ಭಾನುವಾರ ಬೆಳಿಗ್ಗೆ ಈಶ್ವರ ಅವರ ಓಣಿಗೆ ಬಂದು ಬಾಗಿಲ ಹೊರಗೆ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಬಾಗಿಲು ತೆರೆದವಳು ಸೋನಾಬಾಯಿ.

ಅವನು ತೊದಲುತ್ತ ಹೇಳಿದ. ಅತಿಥಿ ಹುಡುಗಿಯೊಬ್ಬಳು ಗೂಡಿನೊಳಗೆ ಕೈಯಿಟ್ಟು ಸೆಲ್ಫಿ ತೆಗೆದುಕೊಳ್ಳುತ್ತಿದ್ದಳಂತೆ. ಅವ್ವ ತಡೆಯಲಾಗದೆ ಅಳುತ್ತ ಎಲ್ಲವನ್ನೂ ಬಾಯಿಬಿಟ್ಟಳಂತೆ. ನೀಲಮ ಯಾಕೆ ಹೋದಳೆಂದು ಆಗ ಹೊಳೆದು, ಅವನು ಅಂದೇ ಬುಕಿಂಗ್ ನಿಲ್ಲಿಸಿದ್ದ. ನಿಪ್ಪಾಣಿಗೆ ಬಂದು ವಿಚಾರಿಸಿದಾಗ, ನೀಲಮ ಊರು ಬಿಟ್ಟೇ ಇಲ್ಲವೆಂದು ತಿಳಿದಿತ್ತು.

"ನೀ ಅಕ್ಕುತಾಯಿ ಮಗಾ ಏನ?" ಸೋನಾಬಾಯಿ ಅವನನ್ನೇ ನೋಡಿದಳು. "ಆಗ ಹೊಸಾ ಸೊಸಿ ಆಕಿ. ಚಾ ಸುರುವುವಾಗ ಕೈ ನಡಗತಿತ್ತ. ಆದ್ರೂ ಸುರೂತಿದ್ಲು."

ಈಶ್ವರನ ತಲೆ ಬಾಗಿತು. ಅವ್ವ ತಾನೂ ಬರುತ್ತೇನೆ ಅಂದಳು, ಮೊದಲು ಕೇಳಿ ಬರುತ್ತೇನೆಂದು ಬಿಟ್ಟು ಬಂದೆ ಅಂದ. ಆ ಗೂಡನ್ನು ಒಡೆದು ಮುಚ್ಚಿಸಲೇ ಎಂದು ಕೇಳಿದ.

"ಒಮ್ಮೆ ಮುಚ್ಚಿದ್ದಕ್ಕ ಇಷ್ಟೆಲ್ಲಾ ಆತ. ಮುಚ್ಚಬ್ಯಾಡ. ದೀಪ ತಗದ ಖಾಲಿ ಬಿಡ. ಬಂದಾವರು ಕೇಳಿದ್ರ ಖರೇನ ಹೇಳ. ನಿಮ್ಮವ್ವಗ ಬರೂದಿದ್ರ ಬರಲಿ, ನಾ ಬಾಗಲಾ ಹಾಕಾಂಗಿಲ್ಲ. ಆದ್ರ ನಾ ನಿಮ್ಮ ಕಟ್ಟಿ ಹತ್ತಾಂಗಿಲ್ಲ."

ಅಷ್ಟು ಹೇಳಿ, ಒಳಗೆ ಬಂದು ಕೂಡು ಅಂದು, ಅವಳು ಹಿತ್ತಲಿಗೆ ಹೋದಳು.

ಒಳಗೆ ನೀಲಮ ಎಲ್ಲವನ್ನೂ ಕೇಳಿಸಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

"ನಿನಗ ಗೊತ್ತೈತಿ ಅಂತ ತಿಳದಿದ್ದೆ..." ಅಂದಳು ಅವಳು. "ಅದಕ್ಕಿಂತಾ ಹೆಚ್ಚ ಸಿಟ್ಟ ನನ್ನ ಮ್ಯಾಲ ಐತಿ. ದೀಪ ಹಚ್ಚಿದಾಕಿ ನಾನ. ನಮ್ಮ ಆಯಿ ಅನುಭವಿಸಿದ್ದನ್ನ ನಾನ ಛಂದ ಮಾಡಿ ಮಂದಿಗೆ ತೋರಿಸಿದೆ."

"ಮನಿ ನಂದು, ನೀಲಾ. ಕೇಳಬೇಕಾದಾಂವ ನಾನ ಇದ್ದೆ. ಜಾತಿ ನೋಡಾಂಗಿಲ್ಲ ಅಂದೆ. ನೋಡಬೇಕಾಗಿತ್ತ. ನಮ್ಮ ಮಂದಿ ಏನ ಮಾಡ್ಯಾರ ಅಂತ ನೋಡಬೇಕಾಗಿತ್ತ."

ಅವನು ಅಳುತ್ತಿದ್ದ. ಗಂಡಸು ಹೀಗೆ ಮರೆಯಿಲ್ಲದೆ ಅಳುವುದನ್ನು ನೀಲಮ ನೋಡಿರಲಿಲ್ಲ. ಇಷ್ಟು ದಿನ ಬಿಗಿಹಿಡಿದ ಎದೆ ಸಡಿಲವಾಯಿತು. ಆದರೂ ಹೇಳಬೇಕಾದ್ದನ್ನು ಹೇಳಿದಳು.

"ಆಯಿ ಅಲ್ಲಿಗೆ ಬರಾಂಗಿಲ್ಲ. ಆಕಿನ್ನ ಬಿಟ್ಟ ನಾನೂ ಬರಾಂಗಿಲ್ಲ."

"ಬ್ಯಾಡ. ನಾ ಇಲ್ಲಿಗೆ ಬರ್ತೇನಿ. ನೀ ಹೂಂ ಅಂದ್ರ ಇದ ಓಣ್ಯಾಗ ಮದವಿ, ಇದ ಓಣ್ಯಾಗ ಮನಿ. ದಿನಾ ತೋಟಕ್ಕ ಹೋಗಿ ಬರ್ತೇನಿ."

"ದಿನಾ? ಎಷ್ಟ ದೂರ ಐತಿ ಗೊತ್ತೇನ?"

"ನೀ ದಿನಾ ಬರತಿದ್ದೆಲ್ಲ."

ನೀಲಮ ಸೆರಗಿನಂತೆ ದುಪಟ್ಟಾ ಎಳೆದು ಕಣ್ಣೊರೆಸಿಕೊಂಡಳು.

"ಸಂಜೀಕ ತಡಾ ಮಾಡಬ್ಯಾಡ ಮತ್ತ," ಅಂದಳು ಮೆಲ್ಲಗೆ. "ನನಗ ದಾರಿ ಕಾಯಾಕ ಇನ್ನ ಆಗಾಂಗಿಲ್ಲ."

"ಮಾಡಾಂಗಿಲ್ಲ," ಅಂದ ಈಶ್ವರ.